ಮೊದಲ ಸೈಟು ಕೊಳ್ಳೋರಿಗೆ: ಅಡಿ ರೇಟು ಆಮೇಲೆ ಕೇಳಿ

ದಾವಣಗೆರೆಯಿಂದ ಯಾವ ದಿಕ್ಕಿಗೆ ಹೋದರೂ ಈಗ ಕಲ್ಲು ನೆಟ್ಟ ಹೊಲಗಳೇ ಕಾಣೋದು. ಭದ್ರಾ ನಾಲೆ ನೀರಲ್ಲಿ ಭತ್ತ ಬೆಳೀತಿದ್ದ ಗದ್ದೆಗಳು ಮೂವತ್ತು-ನಲವತ್ತರ ಸೈಟುಗಳಾಗಿವೆ. ಕೆಲಸಕ್ಕೆ ಸೇರಿ ಸ್ವಲ್ಪ ದುಡ್ಡು ಕೂಡಿಟ್ಟ ಹುಡುಗ-ಹುಡುಗಿಯರು ಸಿಕ್ಕಾಗೆಲ್ಲ ಕೇಳ್ತಾರೆ, "ಅಣ್ಣ, ಶಾಮನೂರು ಕಡೆ ಅಡಿಗೆ ಎಷ್ಟು ನಡೀತಿದೆ?" ಸೈಟು ತಗೊಳ್ಳಿ, ಬೇಡ ಅನ್ನಲ್ಲ. ಆದರೆ ಮೊದಲು ಕೇಳಬೇಕಾದ್ದು ರೇಟಲ್ಲ. ಈ ಜಮೀನು ಮಾರೋರ ಕೈಗೆ ಹೇಗೆ ಬಂತು ಅನ್ನೋದು.

ನಮ್ಮ ಕಡೆ ಲೇಔಟ್ ಆಗೋ ಹೊಲ ಹೆಚ್ಚಾಗಿ ಪಿತ್ರಾರ್ಜಿತ. ವಂಶವೃಕ್ಷ ತೆಗೆಸಿ ನೋಡಿ. ಅಜ್ಜನ ಹೆಸರಿನ ಕೆಳಗೆ ಮೂವರು ಗಂಡುಮಕ್ಕಳು, ಹೆಣ್ಣುಮಕ್ಕಳ ಹೆಸರೇ ಇಲ್ಲ ಅಂದರೆ ಅಲ್ಲೇ ನಿಲ್ಲಿ. "ಅವರನ್ನ ಹರಪನಹಳ್ಳಿಗೆ, ಹೊನ್ನಾಳಿಗೆ ಕೊಟ್ಟಾಯ್ತು ಸಾರ್, ಅವರೇನೂ ಕೇಳಲ್ಲ" ಅಂತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮಗಳಿಗೂ ಹುಟ್ಟಿನಿಂದಲೇ ಸಮಪಾಲು ಕೊಟ್ಟಿದೆ. ಆಗ ಅಪ್ಪ ಬದುಕಿರಲಿಲ್ಲ ಅನ್ನೋ ತಕರಾರನ್ನೂ 2020ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿದೆ. ಆ ಅಕ್ಕ-ತಂಗಿಯರು ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಆಗಿರಬೇಕು. ನಿಮ್ಮ ಕ್ಷೇಮಕ್ಕಷ್ಟೇ ಹೇಳ್ತಿಲ್ಲ. ಅವರ ಪಾಲು ನುಂಗಿದ ನೆಲ ನಮಗ್ಯಾಕೆ?

ಪಹಣಿ, ಮ್ಯುಟೇಶನ್ (ಹಕ್ಕು ಬದಲಾದ ದಾಖಲೆ) ಹಿಂದಕ್ಕೆ ನೋಡ್ತಾ ಹೋದರೆ ಕೆಲವು ಕಡೆ ಸರ್ಕಾರದಿಂದ ಮಂಜೂರಾದ ಜಮೀನು ಅಂತ ಗೊತ್ತಾಗುತ್ತೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾಗಿದ್ದರೆ ಅಂಥ ಜಮೀನಿನ ಪರಭಾರೆ ತಡೆಯೋ 1978ರ ಪಿಟಿಸಿಎಲ್ ಕಾಯ್ದೆ ಬರುತ್ತೆ. ಸರ್ಕಾರದ ಅನುಮತಿ ಇಲ್ಲದ ಮಾರಾಟ ಅಲ್ಲಿ ಊರ್ಜಿತವಾಗಲ್ಲ. "ಮಾರಿ ಬಹಳ ವರ್ಷ ಆಯ್ತು ಬಿಡಿ" ಅನ್ನೋ ಸಮಾಧಾನವನ್ನ 2023ರ ತಿದ್ದುಪಡಿ ಆದಮೇಲಂತೂ ನಂಬಲೇಬೇಡಿ.

ಇಸಿ, ಅಂದರೆ ಆಸ್ತಿಯ ಋಣಭಾರ ಪತ್ರ, ಕನಿಷ್ಠ ಮೂವತ್ತು ವರ್ಷದ್ದು ಬೇಕು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಆನ್‌ಲೈನ್ ಸಿಗೋದು 2004ರಿಂದ ಈಚಿನದ್ದು. ಅದರ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಹಾಕಿ ತೆಗೆಸಬೇಕು. ಈ ಓಡಾಟಕ್ಕೆ ಬೇಸರ ಪಟ್ಟುಕೊಂಡೇ ಎಷ್ಟೋ ಜನ ಬಿಟ್ಟುಬಿಡ್ತಾರೆ.

ಇನ್ನು ರೆವಿನ್ಯೂ ಸೈಟು. ಅರ್ಧ ರೇಟಿಗೆ ಸಿಗುತ್ತೆ ನಿಜ. ಎನ್ಎ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಿಲ್ಲ, ನಗರಾಭಿವೃದ್ಧಿ ಪ್ರಾಧಿಕಾರ ದೂಡಾದ ಅನುಮೋದನೆ ಇಲ್ಲ, ರಸ್ತೆ ಅಂದರೆ ಟ್ರ್ಯಾಕ್ಟರ್ ಓಡಾಡಿದ ಜಾಡು. ಪಂಚಾಯ್ತಿ ಮಿತಿಯಲ್ಲಿ "ಇ-ಸ್ವತ್ತು ಆಗಿದೆ" ಅಂತ ಪಂಚಾಯ್ತಿಯ ಆನ್‌ಲೈನ್ ಆಸ್ತಿ ದಾಖಲೆಯ ಒಂದು ಹಾಳೆ ತೋರಿಸ್ತಾರೆ. ಅದರ ತಲೆಯ ಮೇಲೆ 11ಎ ಅಂತಿದೆಯೋ 11ಬಿ ಅಂತಿದೆಯೋ ಕಣ್ಣಿಟ್ಟು ನೋಡಿ. 11ಬಿ ಅಂದರೆ ಅನಧಿಕೃತ ಸ್ವತ್ತಿನ ನಮೂನೆ. ಅದಕ್ಕೂ ಕಂದಾಯ ಕಟ್ಟಿಸಿಕೊಳ್ತಾರೆ, ಹಾಗಂತ ಲೇಔಟ್ ಸಕ್ರಮ ಆದಂತಲ್ಲ. 500 ಚದರ ಮೀಟರ್ ಮೀರಿದ ಲೇಔಟಿಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕು, ಅದರ ನಂಬರನ್ನ ಫೋನಲ್ಲೇ ಹುಡುಕಿ ನೋಡಬಹುದು.

ಪತ್ರ ಸರಿ ಇದ್ದರೆ ಜಾಗ ನೋಡೋಕೆ ಹೋಗಿ, ಅದೂ ಮಳೆಗಾಲದಲ್ಲಿ, ನಾಲೆಗೆ ನೀರು ಬಿಟ್ಟಾಗ. ಬೇಸಿಗೆಯಲ್ಲಿ ಬಂಡೆಯಂತಿರೋ ಎರೆ ನೆಲ ಆಗ ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತೆ. ಬಸಿನೀರು ನಿಲ್ಲೋ ಜಾಗದಲ್ಲಿ ತಳಪಾಯಕ್ಕೆ ಸುರಿಯೋ ದುಡ್ಡು ಸೈಟಿನಲ್ಲಿ ಉಳಿಸಿದ್ದನ್ನೆಲ್ಲ ತಿಂದುಹಾಕುತ್ತೆ. ರೈಲು ಮಾರ್ಗ ಬರುತ್ತೆ, ರಿಂಗ್ ರೋಡ್ ಬರುತ್ತೆ ಅಂತ ಏಜೆಂಟರು ಹೇಳೋದನ್ನ ಬೆಲೆಗೆ ಸೇರಿಸಬೇಡಿ. ಖಾಲಿ ಸೈಟು ತಿಂಗಳಿಗೆ ಒಂದು ರೂಪಾಯಿ ಬಾಡಿಗೆ ತರಲ್ಲ, ಇಎಂಐ ಮಾತ್ರ ಪ್ರತಿ ತಿಂಗಳು ಕಟ್ಟಬೇಕು. ನೋಂದಣಿ ಶುಲ್ಕ ಬೇರೆ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಮುದ್ರಾಂಕ ಶುಲ್ಕ, ಸೆಸ್ಸು ಎಲ್ಲ ಸೇರಿಸಿ ಲೆಕ್ಕ ಹಾಕಿ.

ಸಾಲ ಬೇಡದಿದ್ದರೂ ಪತ್ರಗಳ ಜೆರಾಕ್ಸ್ ಹಿಡಿದು ಬ್ಯಾಂಕಿಗೊಮ್ಮೆ ಹೋಗಿ, ಈ ಸೈಟಿಗೆ ಸಾಲ ಕೊಡ್ತೀರಾ ಅಂತ ಕೇಳಿ. ನಿಮ್ಮದೇ ವಕೀಲರಿಗೂ ತೋರಿಸಿ, ಮಾರೋರು ಗೊತ್ತುಮಾಡಿಕೊಟ್ಟ ವಕೀಲರಿಗಲ್ಲ. ಅಡ್ವಾನ್ಸ್ ಕೊಡೋದು ಅದಾದ ಮೇಲೆ, ಅದೂ ಚೆಕ್ಕಿನಲ್ಲಿ. ಸ್ಥಿರಾಸ್ತಿಗೆ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಳ್ಳೋಕೆ ಆದಾಯ ತೆರಿಗೆ ಕಾನೂನು ಬಿಡಲ್ಲ ಅಂತ ಮಾರೋರಿಗೂ ಹೇಳಿ.