ಹಾಸಿಗೆ ಪಕ್ಕದ ಕುರ್ಚಿ

ಸಾವಿನ ಬಾಗಿಲಲ್ಲಿರುವ ಗೆಳೆಯನ ಕತೆಯನ್ನು ನಗಿಸುತ್ತಾ ಹೇಳುವ ಸಿನಿಮಾ ಅಂದರೆ ಮೂಗು ಮುರಿಯುವವರು ಬಹಳ. ‘ಅಳಿಸೋಕೆ ಒಂದು ಕ್ಯಾನ್ಸರ್ ತಂದಿದ್ದಾರೆ, ಅಷ್ಟೇ’ ಅಂತ ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ. ಅವರ ಸಿಟ್ಟಿಗೆ ಕಾರಣ ಇಲ್ಲದಿಲ್ಲ, ಈ ಬಗೆಯಲ್ಲಿ ಕೆಟ್ಟ ಸಿನಿಮಾಗಳೇ ಹೆಚ್ಚು. ಆದರೆ ಅವು ಕೆಡುವುದು ಕಣ್ಣೀರು ಹಾಕಿಸುವುದರಿಂದ ಅಂತ ನನಗನ್ನಿಸುವುದಿಲ್ಲ. ಕ್ಯಾಮೆರಾವನ್ನು ತಪ್ಪು ಮನುಷ್ಯನ ಕಡೆ ತಿರುಗಿಸುವುದರಿಂದ ಕೆಡುತ್ತವೆ. ಇಂಥ ಕತೆ ನಿಲ್ಲುವುದು ಹಾಸಿಗೆ ಪಕ್ಕದ ಕುರ್ಚಿಯಲ್ಲಿ ಕೂತವನ ಮೇಲೆ. ಏನು ಮಾತಾಡಬೇಕು, ಯಾವಾಗ ಎದ್ದು ಹೋಗಬೇಕು, ತಂದ ಹಣ್ಣನ್ನು ಎಲ್ಲಿಡಬೇಕು ಅಂತಲೂ ಗೊತ್ತಾಗದೆ ಒದ್ದಾಡುವವನು ಅವನು. ನಗು ಹುಟ್ಟುವುದೂ ಆ ಒದ್ದಾಟದಲ್ಲೇ.

2011ರ ‘ಫಿಫ್ಟಿ ಫಿಫ್ಟಿ’ ನೋಡಿ. ಚಿತ್ರಕತೆ ಬರೆದ ವಿಲ್ ರೈಸರ್ ಅವರಿಗೆ ಇಪ್ಪತ್ತರ ಹರೆಯದಲ್ಲೇ ಬೆನ್ನುಮೂಳೆಯ ಕ್ಯಾನ್ಸರ್ ಆಗಿತ್ತು. ಆಗ ನಿಜಕ್ಕೂ ಗೆಳೆಯರಾಗಿ ಜೊತೆಗಿದ್ದ ಸೇಥ್ ರೋಗನ್ ಅವರೇ ಸಿನಿಮಾದಲ್ಲಿ ಗೆಳೆಯ ಕೈಲ್‌ನ ಪಾತ್ರ ಮಾಡಿದ್ದಾರೆ. ಶುರುವಿನಲ್ಲಿ ವೈದ್ಯರು ಕಾಯಿಲೆಯ ವಿವರವನ್ನು ರೋಗಿಯ ಮುಖವನ್ನೂ ಸರಿಯಾಗಿ ನೋಡದೆ ರೆಕಾರ್ಡರ್‌ಗೆ ಹೇಳುತ್ತಾ ಹೋಗುತ್ತಾರೆ. ಎದುರು ಕೂತ ಆ್ಯಡಂಗೆ ಅದು ತನ್ನ ಬಗ್ಗೆಯೇ ಅಂತ ಅರ್ಥವಾಗಲು ಕೆಲವು ಕ್ಷಣ ಬೇಕಾಗುತ್ತದೆ. ಇಲ್ಲಿ ಯಾರೂ ಜೋಕು ಹೇಳುವುದಿಲ್ಲ, ಆದರೂ ನಗು ಬರುತ್ತದೆ, ಆ ನಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ತಲೆ ಬೋಳಿಸುವ ದೃಶ್ಯದಲ್ಲಿ ಕತ್ತರಿಸಿದ್ದು ಆ್ಯಡಂ ಪಾತ್ರ ಮಾಡಿದ ನಟ ಜೋಸೆಫ್ ಗಾರ್ಡನ್ ಲೆವಿಟ್ ಅವರ ನಿಜವಾದ ಕೂದಲು. ಮತ್ತೊಂದು ಟೇಕ್‌ಗೆ ದಾರಿಯೇ ಇಲ್ಲ. ಅದಕ್ಕೇ ಇಬ್ಬರ ಮುಖದಲ್ಲೂ ಪಾಠ ಒಪ್ಪಿಸಿದ ಹಾಗಿರುವುದಿಲ್ಲ.

ಅದೇ ಸಿನಿಮಾದ ಬಚ್ಚಲುಮನೆಯ ದೃಶ್ಯ ಇನ್ನೂ ಮುಖ್ಯವಾದದ್ದು. ಅಲ್ಲಿಯವರೆಗೂ ಕೈಲ್ ಅಂದರೆ ನಮಗೆ ಸಿಟ್ಟು. ಗೆಳೆಯನ ಕಾಯಿಲೆ ಹೇಳಿಕೊಂಡು ಹುಡುಗಿಯರ ಪರಿಚಯ ಮಾಡಿಕೊಳ್ಳುವವನು, ಯಾವ ಮಾತಿಗೂ ಹದ ಇಲ್ಲದವನು. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ, ಕುಡಿದು ತೂರಾಡುತ್ತಿರುವ ಅವನನ್ನು ಮನೆಗೆ ಸೇರಿಸಲು ಹೋದ ಆ್ಯಡಂ ಕಣ್ಣಿಗೆ ಬಚ್ಚಲುಮನೆಯಲ್ಲಿ ಒಂದು ಪುಸ್ತಕ ಬೀಳುತ್ತದೆ. ಕ್ಯಾನ್ಸರನ್ನು ಜೊತೆಯಾಗಿ ಎದುರಿಸುವುದು ಹೇಗೆ ಅನ್ನುವ ಪುಸ್ತಕ. ಗೆರೆ ಎಳೆದಿದ್ದಾನೆ, ಗುರುತು ಹಾಕಿದ್ದಾನೆ. ಕೈಲ್ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ, ಆ್ಯಡಂ ಕೂಡ ಕೇಳುವುದಿಲ್ಲ. ಹಿಂದಿನ ಅಷ್ಟೂ ಒರಟು ಜೋಕುಗಳ ಅರ್ಥ ಆ ಒಂದು ಪುಸ್ತಕದಿಂದ ತಿರುಗಿಹೋಗುತ್ತದೆ. ‘ನೀನಿಲ್ಲದೆ ಹೇಗಿರಲಿ’ ಅಂತ ಅವನ ಬಾಯಲ್ಲಿ ಹೇಳಿಸಿದ್ದರೆ ಅದು ಸಾಮಾನ್ಯ ದೃಶ್ಯವಾಗುತ್ತಿತ್ತು. ಬರೆಯುವವರು ಇದೊಂದನ್ನು ಹಿಡಿದುಕೊಳ್ಳಬೇಕು: ಗೆಳೆಯನ ಪ್ರೀತಿಯನ್ನು ಒಂದು ವಸ್ತುವಿನಲ್ಲಿಡಿ, ಅದು ಮೂರನೆಯವರ ಕಣ್ಣಿಗೆ ಬೀಳುವುದಕ್ಕೆ ಇಟ್ಟದ್ದಾಗಿರಬಾರದು.

ಹೃಷಿಕೇಶ್ ಮುಖರ್ಜಿಯವರ ‘ಆನಂದ್’ (1971) ಈ ಲೆಕ್ಕದಲ್ಲಿ ಇವತ್ತಿಗೂ ಪಾಠದ ಪುಸ್ತಕವೇ. ಸಾವನ್ನು ಅದು ಬಚ್ಚಿಡುವುದೇ ಇಲ್ಲ. ಆನಂದ್ ಈಗಿಲ್ಲ ಅನ್ನುವುದು ಮೊದಲ ಕೆಲವು ನಿಮಿಷಗಳಲ್ಲೇ ತಿಳಿಯುತ್ತದೆ, ಉಳಿದದ್ದೆಲ್ಲ ವೈದ್ಯ ಭಾಸ್ಕರ್ ಬರೆದಿಟ್ಟ ನೆನಪು. ಕತೆ ಹೇಳುವವನೇ ಪಕ್ಕದ ಕುರ್ಚಿಯವನು. ‘ಬದುಕುತ್ತಾನಾ ಇಲ್ಲವಾ’ ಅನ್ನುವ ಕುತೂಹಲವನ್ನು ಮೊದಲೇ ತೆಗೆದುಹಾಕಿದ್ದರಿಂದ ನಾವು ಅವನ ಒಂದೊಂದು ತಮಾಷೆಯನ್ನೂ ಬೇರೆಯೇ ಕಿವಿಯಿಂದ ಕೇಳುತ್ತೇವೆ.

ಮುರಾರಿಲಾಲ್ ಪ್ರಸಂಗವನ್ನು ಕಟ್ಟಿರುವ ರೀತಿ ನೋಡಿ. ದಾರಿಯಲ್ಲಿ ಸಿಕ್ಕ ಅಪರಿಚಿತರನ್ನು ಆನಂದ್ ‘ಮುರಾರಿಲಾಲ್’ ಅಂತ ಕರೆದು ಹಳೇ ಸ್ನೇಹಿತರ ಹಾಗೆ ಮಾತಾಡಿಸುತ್ತಾನೆ. ಮೊದಲ ಸಲ ಅದು ಬರೀ ಚೇಷ್ಟೆ. ಮತ್ತೆ ಮಾಡಿದಾಗ ಅದು ಅವನ ಸ್ವಭಾವ ಅಂತ ತಿಳಿಯುತ್ತದೆ. ಆಮೇಲೆ ಜಾನಿ ವಾಕರ್ ಮಾಡಿದ ಈಸಾಭಾಯಿ ಸಿಗುತ್ತಾನೆ. ಅವನು ತಬ್ಬಿಬ್ಬಾಗುವ ಬದಲು ತಾನೂ ‘ಜಯಚಂದ್’ ಅಂತ ಇವನಿಗೊಂದು ಹೆಸರಿಟ್ಟು ಆಟವನ್ನು ತಿರುಗಿಸಿಬಿಡುತ್ತಾನೆ. ಸುಳ್ಳು ಸ್ನೇಹ ಆ ಗಳಿಗೆಯಲ್ಲಿ ನಿಜವಾದ ಸ್ನೇಹವಾಗುತ್ತದೆ. ಮುಂದೆ ಅದೇ ಈಸಾಭಾಯಿ, ಅಂದರೆ ನಗಿಸುವುದಕ್ಕೇ ಹೆಸರಾದ ಜಾನಿ ವಾಕರ್, ಅಳು ತಡೆಯಲಾರದೆ ಒಡೆದುಹೋದಾಗ ನೋಡುವವರ ಕಟ್ಟೆಯೂ ಒಡೆಯುತ್ತದೆ. ಒಂದೇ ತಮಾಷೆ ಮರಳಿ ಬಂದಾಗಲೆಲ್ಲ ಹೊಸದೊಂದು ಕೆಲಸ ಮಾಡಬೇಕು. ಸುಮ್ಮನೆ ಮರಳಿ ಬಂದರೆ ಅದು ಬಾಯಿಚಟದ ಮಾತು, ಎರಡನೇ ಸಲಕ್ಕೇ ಹಳಸುತ್ತದೆ.

ಇನ್ನು ಕಾಯಿಲೆಯ ವಿಷಯ. ಕೆಟ್ಟ ಸಿನಿಮಾಗಳಲ್ಲಿ ಕಾಯಿಲೆಗೆ ಹೆಸರು ಮಾತ್ರ ಇರುತ್ತದೆ, ಮೈ ಇರುವುದಿಲ್ಲ. ಯಾವ ರೋಗವಾದರೂ ಕೆಮ್ಮು, ಕರ್ಚೀಫಿನಲ್ಲಿ ರಕ್ತ, ಕಣ್ಣ ಕೆಳಗೆ ಒಂದಿಷ್ಟು ಕಪ್ಪು. ಬರೆಯಲು ಕೂರುವ ಮೊದಲು ಒಂದು ಕ್ಯಾಲೆಂಡರ್ ಹಾಕಿಕೊಳ್ಳಬೇಕು. ಕೀಮೋ ಎಷ್ಟೋ ಸಲ 2 ಅಥವಾ 3 ವಾರಕ್ಕೊಂದು ಸುತ್ತಿನಂತೆ ನಡೆಯುತ್ತದೆ. ಕೂದಲು ಉದುರಿಸುವ ಔಷಧಿಯಾದರೂ ಅದು ಉದುರತೊಡಗುವುದು ಸಾಮಾನ್ಯವಾಗಿ ಮೊದಲ ಸುತ್ತಾಗಿ 2-3 ವಾರಕ್ಕೆ, ಮಾರನೇ ಬೆಳಿಗ್ಗೆ ಅಲ್ಲ. ಎಲ್ಲ ಔಷಧಿಯೂ ಕೂದಲು ಉದುರಿಸುವುದೂ ಇಲ್ಲ. ಬಿಳಿ ರಕ್ತಕಣ ತೀರಾ ಕೆಳಗಿಳಿಯುವುದು ಸುತ್ತಿನ ಸುಮಾರು 7ರಿಂದ 14ನೇ ದಿನದೊಳಗೆ. ಸೋಂಕು ಸುಲಭವಾಗಿ ತಗಲುವ ಆ ದಿನಗಳಲ್ಲಿ ನಾಯಕನನ್ನು ಜಾತ್ರೆಯಂಥ ಗುಂಪಿನಲ್ಲಿ ಕುಣಿಸಿದರೆ ಗೊತ್ತಿರುವವರು ಅಲ್ಲೇ ಸಿನಿಮಾದಿಂದ ಹೊರಗೆ ಬಂದುಬಿಡುತ್ತಾರೆ. ಸ್ಟೀರಾಯ್ಡ್ ತೆಗೆದುಕೊಳ್ಳುವವನಿಗೆ ಮುಖ ಊದಬಹುದು, ಹಸಿವು ವಿಪರೀತವಾಗಬಹುದು, ನಿದ್ದೆ ಹಾರಬಹುದು. ಬಾಯಲ್ಲಿ ಲೋಹದ ರುಚಿ ಬರುವುದೂ ಉಂಟು.

ಇವು ಬರೀ ವೈದ್ಯಕೀಯ ವಿವರಗಳಲ್ಲ, ತಮಾಷೆಯ ಗಣಿ. ರಾತ್ರಿ ಎರಡು ಗಂಟೆಗೆ ನಿದ್ದೆ ಬರದ ರೋಗಿ ಅಡುಗೆಮನೆ ಸಾಮಾನೆಲ್ಲ ಇಳಿಸಿ ಜೋಡಿಸುತ್ತಿದ್ದಾನೆ, ಗೆಳೆಯ ತೂಕಡಿಸುತ್ತಾ ಡಬ್ಬಿ ಕೊಡುತ್ತಿದ್ದಾನೆ. ತನ್ನ ಇಷ್ಟದ ತಿಂಡಿಯೇ ರುಚಿಸದೆ ಅವನು ಉಗುಳಿದಾಗ, ಕಷ್ಟಪಟ್ಟು ಮಾಡಿದ ಗೆಳೆಯನಿಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಆಗುತ್ತದೆ. ಚಕ್ರ ಸಿಕ್ಕಿಕೊಂಡ ಸಲೈನ್ ಸ್ಟ್ಯಾಂಡು ಕೂಡ ಎರಡು ನಿಮಿಷದ ಒಳ್ಳೆಯ ಕಾಮಿಡಿ, ಅದನ್ನು ತಳ್ಳುತ್ತಾ ಇಬ್ಬರೂ ಶೌಚಾಲಯದವರೆಗೆ ಹೋಗಬೇಕಾಗಿದ್ದರೆ. ಮೇಕಪ್ಪಿಗಿಂತ ಬಟ್ಟೆ ಹೆಚ್ಚು ಹೇಳುತ್ತದೆ. ಅದೇ ಶರ್ಟನ್ನು ಒಂದು ಸೈಜು ದೊಡ್ಡದು ಹೊಲಿಸಿ, ಗಡಿಯಾರದ ಪಟ್ಟಿಗೆ ಹೊಸ ತೂತು ಹಾಕಿಸಿ, ಆಮೇಲೆ ಆ ಬಗ್ಗೆ ಯಾರಿಂದಲೂ ಮಾತಾಡಿಸಬೇಡಿ.

ಆಸೆಗಳ ಪಟ್ಟಿ ಅನ್ನುವ ಬಲೆಯೊಂದಿದೆ. 2007ರ ‘ದಿ ಬಕೆಟ್ ಲಿಸ್ಟ್’ ಬಂದಮೇಲೆ ಸಾಯುವ ಮುನ್ನ ಮಾಡಬೇಕಾದ ಕೆಲಸಗಳ ಪಟ್ಟಿ ಇಲ್ಲದೆ ಇಂಥ ಕತೆಯೇ ಇಲ್ಲವೇನೋ ಅನ್ನುವಂತಾಯಿತು. ಪಟ್ಟಿಯ ತೊಂದರೆ ಏನೆಂದರೆ ಒಂದಾದಮೇಲೊಂದು ಊರು ಬರುತ್ತದೆ, ಕತೆ ಮಾತ್ರ ಮುಂದೆ ಹೋಗುವುದಿಲ್ಲ. ಆ ಸಿನಿಮಾದಲ್ಲಿಯೂ ನನ್ನನ್ನು ಹಿಡಿದು ನಿಲ್ಲಿಸುವುದು ಪಿರಮಿಡ್ಡಿನ ದೃಶ್ಯವಲ್ಲ. ಆಸ್ಪತ್ರೆಗಳ ಮಾಲೀಕನಾದ ಎಡ್ವರ್ಡ್, ಒಂದು ಕೋಣೆಗೆ ಎರಡು ಹಾಸಿಗೆ ಅಂತ ತಾನೇ ಮಾಡಿದ ನಿಯಮಕ್ಕೆ ಸಿಕ್ಕಿ ಇನ್ನೊಬ್ಬ ರೋಗಿ ಕಾರ್ಟರ್ ಪಕ್ಕ ಮಲಗಬೇಕಾಗುತ್ತದೆಯಲ್ಲ, ಅದು ಚಂದ. ಅವನು ಹೆಮ್ಮೆಯಿಂದ ಕುಡಿಯುವ ದುಬಾರಿ ಕಾಫಿಯ ಬೀಜ ಪುನುಗು ಬೆಕ್ಕಿನ ಹೊಟ್ಟೆಯಿಂದ ಬಂದದ್ದು ಅಂತ ಕಾರ್ಟರ್ ತಿಳಿಸಿದಾಗ ಇಬ್ಬರೂ ಬಿದ್ದು ಬಿದ್ದು ನಗುತ್ತಾರೆ. ಕಣ್ಣೀರು ಬರುವಷ್ಟು ನಗಬೇಕು ಅನ್ನುವ ಸಾಲು ಪಟ್ಟಿಯಲ್ಲಿತ್ತು, ಅದಕ್ಕೆ ಗೀಟು ಬೀಳುವುದು ಆಸ್ಪತ್ರೆಯಲ್ಲಿ. ಅಲ್ಲಿಯವರೆಗಿನ ವಿಮಾನ ಪ್ರಯಾಣವೆಲ್ಲ ಇದರ ಮುಂದೆ ಸಪ್ಪೆ.

ಕೊನೆಯ ಭಾಷಣ ಮತ್ತೊಂದು ರೋಗ. ಉಸಿರು ನಿಲ್ಲುವ ಮುಂಚೆ ಐದು ನಿಮಿಷ ತಡೆಯಿಲ್ಲದೆ ಮಾತಾಡಿ, ಎಲ್ಲರಿಗೂ ಒಂದೊಂದು ಬುದ್ಧಿ ಹೇಳಿ, ತಲೆ ಹೊರಳಿಸುವುದು. ದೀರ್ಘ ಕಾಯಿಲೆಯ ಕೊನೆಯ ದಿನಗಳಲ್ಲಿ ಸಾಮಾನ್ಯವಾಗಿ ನಿದ್ದೆ ಹೆಚ್ಚಾಗುತ್ತದೆ, ಮಾತು ಕಡಿಮೆಯಾಗುತ್ತದೆ, ಎಷ್ಟೋ ಸಲ ಹೇಳಬೇಕಾದದ್ದು ಹೇಳದೆಯೇ ಉಳಿದುಬಿಡುತ್ತದೆ. ‘777 ಚಾರ್ಲಿ’ (2022) ಈ ಗುಂಡಿಗೆ ಬೀಳದಿರುವುದಕ್ಕೆ ಸರಳ ಕಾರಣ ಇದೆ, ಅಲ್ಲಿ ಕ್ಯಾನ್ಸರ್ ಇರುವುದು ಮಾತು ಬಾರದ ನಾಯಿಗೆ. ಮೊದಲರ್ಧದ ನಗುವೆಲ್ಲ ಅದು ಧರ್ಮನ ಮನೆಯನ್ನು ಚಿಂದಿ ಮಾಡುವುದರಲ್ಲಿದೆ. ಆಮೇಲೆ ಅದಕ್ಕೆ ಹಿಮ ತೋರಿಸಲು ಅವನು ಹೊರಡುತ್ತಾನೆ. ಇದೂ ಒಂದು ಆಸೆಯ ಪಟ್ಟಿಯೇ, ಆದರೆ ಇರುವುದು ಒಂದೇ ಸಾಲು, ಅದೂ ಧರ್ಮ ಊಹಿಸಿದ್ದು. ಚಾರ್ಲಿಗೆ ಏನು ಬೇಕು ಅಂತ ಅವನು ನೋಡಿ ನೋಡಿ ತಿಳಿಯಬೇಕು. ಯಾರ ಜೊತೆಯೂ ಸೇರದ ಮನುಷ್ಯನನ್ನು ಬದಲಾಯಿಸುವುದು ಆ ನೋಡುವಿಕೆ. ಕೊನೆಯ ಭಾಗದಲ್ಲಿ ಸ್ವಲ್ಪ ಎಳೆದಿದ್ದಾರೆ ಅನ್ನುವ ದೂರನ್ನು ನಾನು ಒಪ್ಪುತ್ತೇನೆ, ಆದರೂ ಅಷ್ಟು ಹೊತ್ತಿಗೆ ಅವರು ಆ ಹಕ್ಕನ್ನು ಸಂಪಾದಿಸಿಕೊಂಡಿರುತ್ತಾರೆ.

ಹಿನ್ನೆಲೆ ಸಂಗೀತದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಟನ ಕಣ್ಣು ತುಂಬುವ ಮೊದಲೇ ಪಿಟೀಲು ಶುರುವಾದರೆ ಅದನ್ನು ತೆಗೆದು ಕೋಣೆಯ ಸದ್ದನ್ನಷ್ಟೇ ಬಿಟ್ಟು ಒಮ್ಮೆ ನೋಡಿ. ಫ್ಯಾನಿನ ಸದ್ದು, ಕಾರಿಡಾರಿನ ಚಪ್ಪಲಿ ಸದ್ದು ಸಾಕಾಗುತ್ತದೆ. ಸಾಕಾಗದಿದ್ದರೆ ತೊಂದರೆ ಇರುವುದು ಬರವಣಿಗೆಯಲ್ಲಿ. ‘ಆನಂದ್’ ಕೊನೆಯಲ್ಲಿ ಬೇಕಾಗಿದ್ದು ಒಂದು ಟೇಪ್ ರೆಕಾರ್ಡರ್ ಮಾತ್ರ. ಹಿಂದೆ ಹುಡುಗಾಟಕ್ಕೆಂದು ತುಂಬಿಸಿಟ್ಟಿದ್ದ ದನಿ, ಮಾತಾಡು ಅಂತ ಭಾಸ್ಕರ್ ಗೋಗರೆದಾದ ಮೇಲೆ ಎದ್ದು ಬರುತ್ತದೆ. ನಾವು ನಗುತ್ತಾ ನೋಡಿದ್ದ ದೃಶ್ಯವೇ ಅಲ್ಲಿ ಚೂರಿಯಾಗುತ್ತದೆ.

ಸೆಸ್ಕ್ ಗೇ ನಿರ್ದೇಶಿಸಿದ ಸ್ಪ್ಯಾನಿಷ್ ಸಿನಿಮಾ ‘ಟ್ರುಮನ್’ (2015) ಸಿಕ್ಕರೆ ಬಿಡಬೇಡಿ. ಚಿಕಿತ್ಸೆ ಸಾಕು ಅಂತ ತೀರ್ಮಾನಿಸಿದ ನಟ ಹುಲಿಯಾನ್, ಅವನನ್ನು ನೋಡಲು ಕೆನಡಾದಿಂದ ಮ್ಯಾಡ್ರಿಡ್‌ಗೆ ಬಂದ ಗೆಳೆಯ ತೊಮಾಸ್, ಕೈಯಲ್ಲಿರುವುದು ನಾಲ್ಕೇ ದಿನ. ಹುಲಿಯಾನ್‌ಗೆ ತನ್ನ ಮುದಿ ನಾಯಿಯದೇ ಚಿಂತೆ. ಯಜಮಾನ ಹೋದರೆ ನಾಯಿಗೆ ದುಃಖ ಆಗುತ್ತದಾ ಅಂತ ಪಶುವೈದ್ಯರನ್ನು ಗಂಭೀರವಾಗಿ ಕೇಳುತ್ತಾನೆ, ತೊಮಾಸ್ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಾನೆ. ಕೇಳುತ್ತಿರುವುದು ಯಾರ ದುಃಖದ ಬಗ್ಗೆ ಅಂತ ಇಬ್ಬರಿಗೂ ಗೊತ್ತು, ಬಾಯಿ ಬಿಡುವುದಿಲ್ಲ. ನಾಲ್ಕನೇ ದಿನ ವಿಮಾನ ನಿಲ್ದಾಣದಲ್ಲಿ ಹುಲಿಯಾನ್ ಗೆಳೆಯನ ಕೈಗೆ ನಾಯಿಯನ್ನು ಒಪ್ಪಿಸುತ್ತಾನೆ. ತೊಮಾಸ್‌ಗೆ ಬೇಡ ಅನ್ನಲು ಆಗುವುದಿಲ್ಲ.