ಮೊಟ್ಟೆ ಆಗದ ಮಗು ಎಂಬ ಹಣೆಪಟ್ಟಿ

ಮಗಳಿಗೆ ಹತ್ತು ತಿಂಗಳಿದ್ದಾಗ ಬೇಯಿಸಿದ ಮೊಟ್ಟೆಯ ಬಿಳಿ ಭಾಗವನ್ನು ಉಗುರಿನಷ್ಟು ಬಾಯಿಗಿಟ್ಟಿದ್ದೆ. ಕಾಲು ಗಂಟೆಯೊಳಗೆ ತುಟಿ ಊದಿತು, ಕುತ್ತಿಗೆಯಿಂದ ಹೊಟ್ಟೆಯವರೆಗೆ ಗಂಧೆ ಎದ್ದಿತು, ಕುಡಿದ ಹಾಲೆಲ್ಲ ವಾಂತಿಯಾಯಿತು. ಶಿರಾ ಗೇಟ್‌ನಿಂದ ಆಸ್ಪತ್ರೆಯವರೆಗೆ ಆಟೋದಲ್ಲಿ ಅವಳ ಉಸಿರಿನ ಸದ್ದನ್ನೇ ಕೇಳುತ್ತಾ ಹೋಗಿದ್ದೆ. ಅಂದಿನಿಂದ ನಮ್ಮ ಮನೆಗೆ ಮೊಟ್ಟೆ ಬರಲಿಲ್ಲ.

ಬೇಸರವಿರುವುದು ಆಮೇಲಿನ ಐದು ವರ್ಷಗಳ ಬಗ್ಗೆ. "ಇವಳಿಗೆ ಮೊಟ್ಟೆ ಆಗುವುದಿಲ್ಲ" ಎಂದು ಒಮ್ಮೆ ಚೀಟಿಯಲ್ಲಿ ಬರೆದರು, ಅಷ್ಟೇ. ಮತ್ತೆ ಪರೀಕ್ಷೆ ಮಾಡಿಸಿ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈ ಅಲರ್ಜಿ ಇರುವ ಬಹುಪಾಲು ಮಕ್ಕಳಲ್ಲಿ ಬೆಳೆಯುತ್ತಾ ಅದು ತಾನಾಗಿ ಹೋಗುತ್ತದೆ, ಕೆಲವರಿಗೆ ಶಾಲೆ ಸೇರುವ ಮೊದಲೇ, ಕೆಲವರಿಗೆ ಹದಿಹರೆಯದಲ್ಲಿ. ಒಂದಿಷ್ಟು ಮಂದಿಗೆ ಮಾತ್ರ ಉಳಿದುಬಿಡುತ್ತದೆ. ನಮ್ಮ ಮಗು ಯಾವ ಗುಂಪಿನದು ಎಂಬುದು ಆಗಾಗ ನೋಡಿದರಲ್ಲವೇ ತಿಳಿಯುವುದು?

ಹೋಗುವುದಕ್ಕೂ ಒಂದು ಕ್ರಮವಿದೆ. ಬಿಳಿ ಭಾಗದ ಪ್ರೋಟೀನ್‌ಗಳಲ್ಲಿ ಓವಾಲ್ಬುಮಿನ್ ಬಿಸಿಗೆ ಕೆಡುತ್ತದೆ, ಓವೊಮ್ಯೂಕಾಯ್ಡ್ ಸುಲಭಕ್ಕೆ ಜಗ್ಗುವುದಿಲ್ಲ. ಹಿಟ್ಟಿನೊಂದಿಗೆ ಬೆರೆತು ಓವನ್‌ನಲ್ಲಿ ಚೆನ್ನಾಗಿ ಬೆಂದಾಗ ಅದರ ತೀವ್ರತೆಯೂ ತಗ್ಗುತ್ತದೆ. ಹಾಗಾಗಿ ಅನೇಕ ಮಕ್ಕಳಿಗೆ ಮೊದಲು ಕೇಕ್ ಒಗ್ಗುತ್ತದೆ, ಬೇಯಿಸಿದ ಮೊಟ್ಟೆ ಆಮೇಲೆ, ಅರೆಬೆಂದದ್ದು ಎಲ್ಲಕ್ಕಿಂತ ಕೊನೆಗೆ.

ಕಳೆದ ಬೇಸಿಗೆಯಲ್ಲಿ ಬೆಂಗಳೂರಿನ ಅಲರ್ಜಿ ತಜ್ಞರೊಬ್ಬರ ಬಳಿ ಹೋದೆವು. ರಕ್ತ ಮತ್ತು ಚರ್ಮದ ಪರೀಕ್ಷೆಗಳ ನಂತರ, ಅವರು ಹೇಳಿದ ಅಳತೆಯಲ್ಲಿ ಕೇಕ್ ಮಾಡಿಕೊಂಡು ಬರಲು ಹೇಳಿದರು. ಆಸ್ಪತ್ರೆಯ ಹಾಸಿಗೆಯ ಮೇಲೆ ಕೂರಿಸಿ ಮೊದಲು ಒಂದು ಚೂರು ಕೊಟ್ಟರು. ಕಾದರು. ನರ್ಸಮ್ಮ ಪ್ರತಿ ಸಲ ಫ್ರಾಕ್ ಎತ್ತಿ ಹೊಟ್ಟೆ ನೋಡುತ್ತಿದ್ದರು. ಮತ್ತೆ ಇನ್ನೊಂದಿಷ್ಟು ದೊಡ್ಡ ತುಂಡು. ಸಂಜೆಯ ಹೊತ್ತಿಗೆ ಇಡೀ ಕೇಕ್ ಮುಗಿದಿತ್ತು, ಮೈಮೇಲೆ ಒಂದು ಗುಳ್ಳೆಯೂ ಇರಲಿಲ್ಲ. "ಅಮ್ಮಾ, ನಾಳೆಯೂ ಇಲ್ಲಿಗೇ ಬರೋಣವಾ?" ಎಂದಳು. ನನಗೆ ಅಳು ತಡೆಯಲಾಗಲಿಲ್ಲ.

"ದಿನಕ್ಕಿಷ್ಟು ನೆಕ್ಕಿಸಿದರೆ ಅಭ್ಯಾಸವಾಗುತ್ತದೆ" ಎಂದು ನಮ್ಮತ್ತೆಯವರು ಪ್ರೀತಿಯಿಂದಲೇ ಹೇಳುತ್ತಿದ್ದರು. ದಯವಿಟ್ಟು ಮನೆಯಲ್ಲಿ ಹಾಗೆ ಮಾಡಬೇಡಿ. ಉಸಿರು ಕಟ್ಟಿದರೆ ಬೇಕಾಗುವುದು ಅಡ್ರಿನಲಿನ್ ಚುಚ್ಚುಮದ್ದು, ಅದು ಅಡುಗೆಮನೆಯಲ್ಲಿರುವುದಿಲ್ಲ. ದಡಾರದ ಲಸಿಕೆ ಹಾಕಿಸಬೇಡಿ ಎಂದು ಹೆದರಿಸಿದವರೂ ಇದ್ದರು. ಮೊಟ್ಟೆ ಅಲರ್ಜಿ ಇದ್ದರೂ ಆ ಲಸಿಕೆ ಹಾಕಿಸಬಹುದು. ಇವಳಿಗೆ ಹಾಕಿಸಿದೆವು, ಏನೂ ಆಗಲಿಲ್ಲ.

ಸರ್ಕಾರಿ ಶಾಲೆಯ ಬಿಸಿಯೂಟದಲ್ಲಿ ಗೆಳತಿಯರು ಮೊಟ್ಟೆ ಸುಲಿಯುವಾಗ ಇವಳು ಬಾಳೆಹಣ್ಣು ತಿನ್ನುತ್ತಾಳೆ. ಬೇಯಿಸಿದ ಮೊಟ್ಟೆಯ ಪರೀಕ್ಷೆ ಬರುವ ಏಪ್ರಿಲ್‌ಗೆ ಇದೆ, ಅಲ್ಲಿಯವರೆಗೆ ಬಾಳೆಹಣ್ಣೇ. ಆದರೆ ಟೀಚರ್ ಪುಸ್ತಕದಲ್ಲಿ "ಮೊಟ್ಟೆ ಅಲರ್ಜಿ" ಎಂದಿದ್ದ ಕಡೆ ಈಗ "ಬೇಯಿಸಿದ ಮೊಟ್ಟೆ ಸದ್ಯಕ್ಕೆ ಬೇಡ, ಕೇಕ್ ಕೊಡಬಹುದು" ಎಂದು ಬರೆಸಿ ಬಂದಿದ್ದೇನೆ.