ಚಳಿ ಬಂತು, ನಮ್ಮ ಗೆಕ್ಕೊ ಊಟ ಬಿಟ್ಟಿತು

ಹನ್ನೊಂದು ದಿನ ಆಯ್ತು, ನಾವು ಸಾಕಿರುವ ಲೆಪರ್ಡ್ ಗೆಕ್ಕೊ, ಅಂದರೆ ಚುಕ್ಕೆ ಮೈಯ ಹಲ್ಲಿ, ಏನೂ ತಿಂದಿಲ್ಲ. ಚಿಮಟದಲ್ಲಿ ಹುಳ ಹಿಡಿದು ಮೂತಿ ಮುಂದೆ ಆಡಿಸಿದರೆ ಒಮ್ಮೆ ನೋಡುತ್ತದೆ, ರೆಪ್ಪೆ ಅರ್ಧ ಮುಚ್ಚುತ್ತದೆ, ಮುಖ ಆ ಕಡೆ ತಿರುಗಿಸುತ್ತದೆ. (ಹೌದು, ಇದಕ್ಕೆ ರೆಪ್ಪೆ ಇದೆ. ಎಷ್ಟೋ ಗೆಕ್ಕೊಗಳಿಗೆ ಇರುವುದಿಲ್ಲ.)

ಮೊದಲ ಚಳಿಗಾಲದಲ್ಲಿ ನಾನು ಹೆದರಿ ಬಾಯಿ ಬಿಡಿಸಿ ಹುಳ ತುರುಕಿದ್ದೆ. ಎರಡು ದಿನಕ್ಕೆ ಅದನ್ನು ಹಾಗೇ ಕಕ್ಕಿತು. ತಪ್ಪು ಪೂರ್ತಿ ನನ್ನದೇ. ಗಾಜಿಗೆ ಅಂಟಿಸಿದ್ದ ಥರ್ಮಾಮೀಟರ್ ನಂಬಿಕೊಂಡು ಕೂತಿದ್ದೆ. ಹೊಟ್ಟೆ ತಾಗುವ ನೆಲ ಅಳೆದು ನೋಡಿದರೆ ಬರೀ 26 ಡಿಗ್ರಿ! ಬಿಸಿ ಮೂಲೆಯಲ್ಲಿ 31ರಿಂದ 33 ಇರಬೇಕಿತ್ತು. ಟ್ಯಾಂಕಿನ ನೆಲ ಬಿಸಿ ಮಾಡುವ ಹೀಟ್ ಮ್ಯಾಟ್ ಆನ್ ಇತ್ತು, ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಕೂಡ ಇತ್ತು. ಆದರೆ ಮ್ಯಾಟ್‌ಗೂ ಒಂದು ಮಿತಿ ಇದೆ ಅಲ್ವಾ? ಕೋಣೆಯೇ ತಣ್ಣಗಾದರೆ ಅದರ ಕೈಲಾದಷ್ಟೇ ಬಿಸಿ.

ಈ ಪ್ರಾಣಿ ಮೈಯೊಳಗೆ ಶಾಖ ಹುಟ್ಟಿಸಿಕೊಳ್ಳುವುದಿಲ್ಲ, ಹೊರಗಿನಿಂದಲೇ ಪಡೆಯಬೇಕು. ಶಾಖ ಸಾಲದಿದ್ದರೆ ತಿಂದದ್ದು ಅರಗದೆ ಹೊಟ್ಟೆಯಲ್ಲೇ ಕೊಳೆಯುತ್ತದೆ. ಹಾಗಾಗಿ ಚಳಿಯಲ್ಲಿ ಅದು ಊಟ ಬೇಡ ಅಂದರೆ ಹಟ ಅಲ್ಲ. ಅವತ್ತು ನನಗಿಂತ ಅದಕ್ಕೇ ಬುದ್ಧಿ ಜಾಸ್ತಿ ಇತ್ತು.

ಈ ಸಲ ನೆಲ 32 ಇದೆ. ಆದರೂ ತಿನ್ನುತ್ತಿಲ್ಲ. ಹಗಲು ಚಿಕ್ಕದಾಗಿ ರಾತ್ರಿ ತಂಪಾದರೆ ಕೆಲವು ಗೆಕ್ಕೊಗಳು ಹೀಗೇ ಮಂಕಾಗುತ್ತವೆ. ಕಾಡಿನಲ್ಲೂ ಚಳಿಗಾಲವನ್ನು ಬಿಲದಲ್ಲೇ ಕಳೆಯುತ್ತವೆ, ದಪ್ಪ ಬಾಲದಲ್ಲಿ ಕೂಡಿಟ್ಟ ಕೊಬ್ಬೇ ಆಗ ಬುತ್ತಿ.

ಹಾಗಂತ ಎಲ್ಲ ಗೆಕ್ಕೊಗೂ ಬಿಸಿ ಜಾಸ್ತಿ ಮಾಡಿ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದ ಕ್ರೆಸ್ಟೆಡ್ ಗೆಕ್ಕೊ ಅನ್ನುವ ಇನ್ನೊಂದು ಜಾತಿ ಇದಕ್ಕೆ ಉಲ್ಟಾ. 28 ಡಿಗ್ರಿ ದಾಟಿದರೆ ಒದ್ದಾಡುತ್ತದೆ, ಬೇಸಿಗೆಯಲ್ಲೇ ಊಟ ಬಿಡುತ್ತದೆ. ಅದಕ್ಕೆ ಹೀಟ್ ಮ್ಯಾಟ್ ಹಾಕಿದರೆ ಮುಗಿದೇ ಹೋಯಿತು.

ಎಲ್ಲದಕ್ಕೂ ಹವಾಮಾನ ಅಂತ ಸುಮ್ನೆ ಕೂರುವುದೂ ತಪ್ಪು. ಹೊಟ್ಟೆಹುಳ ಆದಾಗಲೂ ಊಟ ಬಿಡುತ್ತದೆ. ಅದಕ್ಕೇ ವಾರಕ್ಕೊಮ್ಮೆ ತಕ್ಕಡಿ. ಹತ್ತನೇ ಒಂದು ಪಾಲು ತೂಕ ಇಳಿದರೆ, ಬಾಲ ಸೊರಗಿದರೆ, ಭೇದಿ ಕಂಡರೆ ನಾನು ಕಾಯುವುದಿಲ್ಲ, ಸರೀಸೃಪ ಗೊತ್ತಿರುವ ವೈದ್ಯರ ಹತ್ತಿರ ಹೋಗುತ್ತೇನೆ. ಮರಿಗಳಾದರೆ ಇನ್ನೂ ಬೇಗ, ಅವುಗಳ ಬಾಲದಲ್ಲಿ ಅಷ್ಟು ಬುತ್ತಿ ಇರುವುದಿಲ್ಲ.

ನಮ್ಮದು 62 ಗ್ರಾಂ ಇತ್ತು, ಇವತ್ತು 61. ಬಾಲ ಮೂಲಂಗಿ ಹಾಗೆ ದಪ್ಪಗೇ ಇದೆ. ಸಂಜೆ ಹೊರಗೆ ಬಂದು ಬಟ್ಟಲಿನ ನೀರು ನೆಕ್ಕಿ ಮತ್ತೆ ಗೂಡಿಗೆ ಹೋಯಿತು. ನಾನು ಟ್ಯಾಂಕಿನಲ್ಲಿ ಉಳಿದ ಹುಳಗಳನ್ನು ಒಂದೊಂದೇ ಹೆಕ್ಕಿ ಡಬ್ಬಿಗೆ ಹಾಕಿದೆ. ಬಿಟ್ಟರೆ ಅವೇ ಇದನ್ನು ಕಚ್ಚುತ್ತವೆ.